ಬಿಳಿಗಣ್ಣಿನ ಏಳು ಹೆಣ್ಣು

"ತೊಳೆದುಬಿಟ್ಯಾ ಚಿಕ್ಕಬೀರಪ್ಪ? ನಿಜ ಹೇಳು!" ಸಿಂಕಿನ ಪಕ್ಕದ ಬಾಟ್ಲಿಗಳನ್ನು ಭಾಗಮ್ಮ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು.

"ಇಲ್ಲ ಅಮ್ಮೋರೆ! ನೊಣ ಇರೋ ಬಾಟ್ಲಿ ನಾನ್ಯಾಕೆ ತೊಳೀಲಿ?" ಅಟೆಂಡರ್ ಕೈಮುಗಿದ.

"ಇವನೇ ತೊಳೆದಿರ್ತಾನೆ ಬಿಡ್ರೀ," ಎಂದ ಓಂಕಾರಮೂರ್ತಿ. "ಇನ್ನೊಂದು ಹಿಡ್ಕೊಂಡ್ರಾಯ್ತು. ಅಜ್ಜಂಪುರದ ಸಂತೇಲಿ ನೊಣಕ್ಕೇನು ಬರವಾ?"

ತರೀಕೆರೆಯ ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಇದ್ದ ಅಧ್ಯಾಪಕರು ಭಾಗಮ್ಮ, ಓಂಕಾರಮೂರ್ತಿ ಇಬ್ಬರೇ. ರ‍್ಯಾಂಕ್ ಬಂದವನು ಅವನು. ೧೯೮೩ರ ಆ ಏಪ್ರಿಲ್‌ನಲ್ಲಿ ಮೈಸೂರಿನ ವಿಜ್ಞಾನಿಗಳು ಕರೆಸಿಕೊಂಡದ್ದು ಅವಳನ್ನು. ಸಂತೆಯ ಕೊಳೆತ ಬಾಳೆಹಣ್ಣಿನ ಮೇಲೆ ಹಿಡಿದ ಹಣ್ಣುನೊಣದ ವಂಶದಲ್ಲಿ ಅವಳೊಂದು ಕೆಟ್ಟ ಜೀನ್ ಕಂಡುಹಿಡಿದಿದ್ದಳು. ಅದಿದ್ದ ನೊಣದಲ್ಲಿ, ಮೊಟ್ಟೆಯಾಗುವಾಗಿನ ಮಿಯೋಸಿಸ್ ಎಂಬ ಕೋಶವಿಭಜನೆಯಲ್ಲಿ ಜೋಡಿ ಕ್ರೋಮೋಸೋಮುಗಳು ಎಷ್ಟೋ ಸಲ ಬೇರೆಯಾಗದೆ ಒಟ್ಟಿಗೇ ಉಳಿದುಬಿಡುತ್ತವೆ. ಬೇಸಿಗೆಯ ಧಗೆಗೆ ಮಿಕ್ಕವೆಲ್ಲ ಸತ್ತು ಆ ವಂಶದ್ದು ಉಳಿದದ್ದು ಒಂದೇ ಬಾಟ್ಲಿ; ಈಗ ಅದೇ ಕಾಣೆ. ಮೂರು ವರ್ಷದ ಕೆಲಸ. ಅದನ್ನು ಮೈಸೂರಿಗೆ ಒಯ್ಯಲು ನಾಳೆ ಕಡೂರಿನಲ್ಲಿ ರೈಲು.

"ನಿಮ್ಮ ಮೇಜಿನ ಮೇಲಿರೋದು?" ಭಾಗಮ್ಮ ಓಂಕಾರಮೂರ್ತಿಯತ್ತ ತಿರುಗಿದಳು.

"ಹುಡುಗರ ಪ್ರಾಕ್ಟಿಕಲ್‌ದು. ಬಿಳಿಗಣ್ಣಿನ ತಾಯಿ, ಕೆಂಗಣ್ಣಿನ ತಂದೆ. ಚೀಟಿ ನೋಡ್ಕೊಳ್ಳಿ."

"ಮಕ್ಕಳು?"

"ಅರ್ಧ ಕೆಂಪು, ಅರ್ಧ ಬಿಳಿ—ಪುಸ್ತಕದಲ್ಲಿರೋ ಹಾಗೇ. ಏನ್ರೀ, ನಂಗೇ ಪರೀಕ್ಷೆನಾ?"

ಭಾಗಮ್ಮ ಆ ಬಾಟ್ಲಿ ಎತ್ತಿಕೊಂಡಳು. ಈಥರ್ ಹಾಕಿ ನೊಣಗಳನ್ನು ಮಲಗಿಸಿದಳು. ಬಿಳಿ ಟೈಲಿನ ಮೇಲೆ ಸುರಿದು, ಲೆನ್ಸಿಗೆ ಬಗ್ಗಿ, ಕುಂಚದ ತುದಿಯಿಂದ ಸರಿಸುತ್ತ ಹೋದಳು. ಇನ್ನೂರು ನೊಣ. ಕೊನೆಗೆ ತಲೆಯೆತ್ತಿದಳು.

"ಕಣ್ಣು ನೋಡಿದ್ರಿ ಸಾರ್, ಹೊಟ್ಟೆ ನೋಡ್ಲಿಲ್ಲ. ಹೊಟ್ಟೆ ತುದಿ ಕಪ್ಪಿದ್ರೆ ಗಂಡು. ನಿಮ್ಮ ಬಾಟ್ಲೀಲಾದ್ರೆ ಹೆಣ್ಣಿಗೆ ತಂದೆಯ ಕೆಂಗಣ್ಣು ಬಂದೇ ಬರುತ್ತೆ, ಬಿಳಿಗಣ್ಣಿನವೆಲ್ಲ ಗಂಡೇ ಆಗ್ಬೇಕು. ಇಲ್ನೋಡಿ—ಬಿಳಿಗಣ್ಣಿನ ಏಳು ಹೆಣ್ಣು! ಕಣ್ಣಿನ ಬಣ್ಣ ಹೊತ್ತ ತಾಯಿಯ ಎರಡೂ ಎಕ್ಸ್ ಕ್ರೋಮೋಸೋಮು ಒಂದೇ ಮೊಟ್ಟೇಲಿ ಉಳಿದು ಹುಟ್ಟಿದವು. ಮಾಮೂಲಿ ನೊಣದಲ್ಲಿ ಸಾವಿರಕ್ಕೊಂದೂ ಸಿಗಲ್ಲ. ನನ್ನವೂ ಬಿಳಿಗಣ್ಣಿನ ತಾಯಿ, ಕೆಂಗಣ್ಣಿನ ತಂದೆಯವೇ ಅಂತ ಚೀಟಿ ಬದಲಾಯ್ಸಿದೀರಿ—ಚೀಟಿ ನಿಮ್ಮದು, ನೊಣ ನನ್ನದು. ಮೂರು ವರ್ಷದಲ್ಲಿ ಒಂದು ಸಲ ನನ್ನ ಲೆನ್ಸಿಗೆ ಬಗ್ಗಿದ್ರೆ ನಿಮಗೂ ಗೊತ್ತಿರ್ತಿತ್ತು."

ಚಿಕ್ಕಬೀರಪ್ಪ ಉಸಿರು ಬಿಟ್ಟ.

"ಯಾಕೆ ಬಗ್ಲಿ?" ಓಂಕಾರಮೂರ್ತಿಯ ಮುಖ ಬಿಗಿಯಿತು. "ಬಸ್‌ಸ್ಟ್ಯಾಂಡಿನ ಹೋಟೆಲಿನವನೂ ನನ್ನೇ ಕೇಳ್ತಾನೆ—ನೊಣದ ಮೇಡಂ ಹೇಗಿದಾರೆ ಅಂತ!"

ಭಾಗಮ್ಮನಿಗೆ ಆ ಉರಿ ಹೊಸದಲ್ಲ. ನೊಣದ ಅಂಡಾಶಯ ಬಿಡಿಸಿ, ಕ್ರೋಮೋಸೋಮು ಸ್ಪಷ್ಟವಾಗಿ ಕಾಣುವಂತೆ ಸ್ಲೈಡ್ ಮಾಡುವ ಅವನ ಕೈ ಕಂಡು ಅವಳೂ ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದಳು. ಅಂಥ ಸ್ಲೈಡುಗಳಿಲ್ಲದೆ ಅವಳ ಪ್ರಬಂಧ ಅರ್ಧವೇ.

"ಪ್ರಿನ್ಸಿಪಾಲರಿಗೆ ಹೇಳಲ್ಲ. ಚಿಕ್ಕಬೀರಪ್ಪನ ಹತ್ರ ತಪ್ಪಾಯ್ತು ಅನ್ನಿ. ಸ್ಲೈಡ್ ಮಾಡ್ಕೊಡಿ. ಪ್ರಬಂಧದಲ್ಲಿ ನನ್ನ ಹೆಸರಾದ ಮೇಲೆ ನಿಮ್ಮದೂ ಇರುತ್ತೆ."

ಅವನು ಬಾಟ್ಲಿಯ ಮೇಲಿನ ತನ್ನ ಚೀಟಿ ಕಿತ್ತುಕೊಂಡ.

"ನಿಮ್ಮ ಹೆಸರಿನ ಕೆಳಗಾ?" ಎಂದ. "ಬೇಡ."