ಒಣಗದ ಕಪ್ಪು

ಪಿಸ್ತೂಲಿನ ನಳಿಗೆ ನನ್ನ ಕತ್ತಿಗೆ ಒತ್ತಿತ್ತು. ತಣ್ಣಗಿತ್ತು. ಅಷ್ಟೇ ಅನ್ನಿಸಿತು.

“ಬೋಲ್, ಅಣ್ಣಾರಾಯ! ಈ ಗ್ವಾಡಿ ಮ್ಯಾಲ ಏನದ?”

ನಿಜಾಮನ ಗಡಿ ಕಾಯುವ ಕ್ಯಾಪ್ಟನ್. ಊರು ಖಜೂರಿ. ನಲವತ್ತೆಂಟರ ಎತ್ತಿನ ಹಬ್ಬ, ಕಾರಹುಣ್ಣಿಮೆ, ಕಳೆದು ಎಂಟು ದಿನ. ನಾನು ಆಳಂದದ ಎತ್ತಿನ ದಲಾಲ. ಗಡಿಯ ಆಚೆ ಈಚೆ ಜಗಳ ಬಿಡಿಸೋದೂ ನಾನೇ. ಅದಕ್ಕೇ ನನ್ನನ್ನು ಎಳೆದು ತರಿಸಿದ್ದ.

ಮೂಲೆಯಲ್ಲಿ ರೇವಣಪ್ಪ. ಎತ್ತಿನ ಕೋಡಿಗೆ ಬಣ್ಣ ಹಚ್ಚುವವನು. ಮನೆ ಅವನದೇ. ಕೈ ಹಿಂದಕ್ಕೆ ಕಟ್ಟಿದ್ದರು.

ಗೋಡೆ ತುಂಬ ಬಣ್ಣದ ಮೆತ್ತು... ಕೆಂಪು, ಹಳದಿ, ಹಸಿರು. ತುದಿಗೆ ಒಂದು ದೊಡ್ಡ ಕಪ್ಪು.

“ನಕ್ಷಾ ಅದ! ಬಂಡಾಯದವರು ಬಂದೂಕು ಎಲ್ಲಿ ಮುಚ್ಚಿಟ್ಟಾರ ಅಂತ ಇದ್ರಾಗ ಅದ. ಓದು! ಇಲ್ಲಾಂದ್ರ ಇವನ್ನ ಇಲ್ಲೇ ಉಡಾಯಿಸ್ತೀನಿ!”

ಗೋಡೆಯ ಮೇಲೆ ಬೆರಳಾಡಿಸಿದೆ. ಕೆಂಪು ಒಣಗಿತ್ತು. ಹಳದಿ ಒಣಗಿತ್ತು. ಹಸಿರೂ ಅಷ್ಟೇ. ಕಪ್ಪು...

ಬಲಗೈ ಮುಷ್ಟಿ ಕಟ್ಟಿದೆ.

“ನಕ್ಷಾ ಅಲ್ರಿ ಸಾಹೇಬ್ರ. ಕುಂಚ ಒರಸ್ಯಾನ. ಯಾವ ಗೆರಿನೂ ಎದಿಮಟಕ್ಕ ಏರಿಲ್ಲ, ನೋಡ್ರಿ. ಕುಂತವನ ಕೈ ಅಷ್ಟೇ ಎಟಕತದ.”

“ಬಣ್ಣ ಯಾಕ ಬ್ಯಾರೆ ಬ್ಯಾರೆ?”

“ಈ ಓಣ್ಯಾಗ ಮನಿಗೊಂದು ಬಣ್ಣರಿ. ಎತ್ತು ಓಡಸುವಾಗ ಗುರ್ತಿಗೆ. ಮೊದಲನೇ ಮನಿ ಕೆಂಪು, ಎರಡನೇದು ಹಳದಿ. ಮೂರನೇದು ಹಸನಸಾಬಂದು, ಹಸಿರು. ಕೋಡು ನೋಡಿಸ್ರಿ.”

ಸಿಪಾಯಿ ಓಡಿದ. ತಿರುಗಿ ಬಂದ.

“ಬರೋಬ್ಬರಿ ಅದ, ಸಾಬ್!”

“ಮತ್ತ ಕರೀದು?” ಪಿಸ್ತೂಲು ಕಟಕ್ ಅಂದಿತು. “ಕೋಡಿಗೆ ಕರೀ ಬಣ್ಣ ಯಾವ ಮಗ ಹಚ್ಚತಾನ?”

ರೇವಣಪ್ಪ ಕಣ್ಣು ಮುಚ್ಚಿದ.

“ಯಾರೂ ಹಚ್ಚಂಗಿಲ್ರಿ. ನಾಕನೇ ಮನಿ ಇವಂದ. ಹಬ್ಬದ ಹಿಂದಿನ ದಿನ ನಿಮ್ಮವರು ಇವನ ಎತ್ತು ಹೊಡಕೊಂಡು ಹೋದ್ರು. ಊರ ಎತ್ತಿಗೆಲ್ಲಾ ಹಚ್ಚಿದ... ತನ್ನ ಪಾಲಿಗೆ ಮಸಿ ಬಳದಾನ.”

ಎತ್ತು ಹೋದದ್ದು ನಿಜ. ಸಿಪಾಯಿ ನೆಲ ನೋಡಿದ. ಅದನ್ನು ಕ್ಯಾಪ್ಟನ್ ನೋಡಿದ.

ನಳಿಗೆ ಕೆಳಗಿಳಿಯಿತು.

ರೇವಣಪ್ಪನ ಕಟ್ಟು ಬಿಚ್ಚಿಸಿದ. ನನ್ನ ಮುಂದೆ ಸಿಗರೇಟು ಚಾಚಿದ. ತೆಗೆದುಕೊಂಡೆ.

“ಎಡಗೈಲೆ ತಗೋತಿ?”

“ಬಲಗೈ ಜೋಮು ಹಿಡದದ್ರಿ.”

ಪೂರ್ತಿ ಸುಳ್ಳಲ್ಲ. ಮೈಯೆಲ್ಲ ಜೋಮು ಹಿಡಿದಿತ್ತು.

ಜೀಪು ಹೋಯಿತು. ಧೂಳು ಅಡಗಿತು. ಮುಷ್ಟಿ ಬಿಚ್ಚಿದೆ. ಬೆರಳೆಲ್ಲ ಮಸಿ!

ಕಪ್ಪಿನ ಮೇಲೆ ಗುದ್ದಿದೆ. ಪೊಳ್ಳು ಸದ್ದು. ಹಸಿಮಣ್ಣು ಉದುರಿತು.

“ಎಷ್ಟವಲೇ?”

“ಆರು ಬಂದೂಕರಿ...” ರೇವಣಪ್ಪ ಹಗ್ಗದ ಗುರುತು ತಿಕ್ಕಿಕೊಂಡ. “ಇವತ್ತ ಮುಂಜಾನೆ ಮೆತ್ತಿದ್ದೆ. ನಿಮಗ ಹ್ಯಾಂಗ ಗೊತ್ತಾತ್ರಿ, ಯಣ್ಣಾ?”

ಅವನ ಧೋತರದ ಚುಂಗಿಗೆ ಕೈ ಒರೆಸಿದೆ.

“ಮುಂದಿನ ಸಲ ಬಣ್ಣ ಒಣಗಿದ ಮ್ಯಾಲ ಸಿಕ್ಕಬೀಳಲೇ.”