ಮೂಲೆಮೇಜಿನ ಮೀನು

ಆ ಮೀನನ್ನು ಅನ್ಸೆಲ್ಮು ಅವರೇ ಕದ್ದು ತಿನ್ನುತ್ತಿದ್ದಾರೆಯೇ, ಅಥವಾ ನಾನು ಸುಮ್ಮನೆ ಅನುಮಾನ ಪಡುತ್ತಿದ್ದೇನೆಯೇ? ಲಿಸ್ಬನ್ನಿನ ಆ ನೂರು ವರ್ಷದ ಮೀನೂಟದ ಹೋಟೆಲಿನಲ್ಲಿ ಅವರು ಹಿರಿಯ ಮಾಣಿ. ನಾನು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ, ಚಿನ್ನದಂಚಿನ ಕನ್ನಡಿಯ ಕೆಳಗಿನ ಮೂಲೆಮೇಜಿಗೆ ಒಂದು ಮೀನು ಬಡಿಸುವುದು ಹಳೆಯ ಒಡೆಯರ ಕಾಲದ ಪದ್ಧತಿ. ಅಲ್ಲಿ ಯಾರೂ ಕೂರುವುದಿಲ್ಲ. ಆದರೆ ನಾನು ಸೇರಿದ ಮೇಲೆ ತಟ್ಟೆಯಲ್ಲಿ ಮುಳ್ಳಷ್ಟೇ ಉಳಿಯುತ್ತಿತ್ತು.

ಅನ್ಸೆಲ್ಮು ಅವರ ಅನುಮಾನವೆಲ್ಲ ನನ್ನ ಮೇಲೆ.

"ಇವತ್ತೂ ಖಾಲಿಯಾದ್ರೆ ಏಪ್ರನ್ ಬಿಚ್ಚಿಟ್ಟು ಮನೆಗೆ ಹೋಗ್ತಿರು ದುವಾರ್ತೆ, ಹೊಟ್ಟೆಬಾಕ!" ಎಂದು ಹಸಿ ಮೀನಿನ ತಟ್ಟೆಯನ್ನು ಕೈಗಿತ್ತರು. "ಹೋಗು, ತೋರಿಸಿ ಬಾ."

ನಮ್ಮಲ್ಲಿ ಗಿರಾಕಿ ನೋಡಿ ಒಪ್ಪಿದ ಮೇಲೆಯೇ ಮೀನು ಒಲೆಗೆ ಹೋಗುವುದು.

"ಖಾಲಿ ಕುರ್ಚಿಗಾ, ಸೆನ್ಯೋರ್?"

"ಕುರ್ಚಿಗೂ ಮರ್ಯಾದೆ ಇದೆ ಕಣೋ."

ಕುರ್ಚಿಯ ಮುಂದೆ ಬಾಗಿದೆ. ಪಕ್ಕದ ಮೇಜುಗಳ ಗದ್ದಲ ದೂರ ಸರಿದಂತಾಯಿತು. ಮಖಮಲ್ಲಿನ ಮೆತ್ತೆ ಯಾರೋ ಕೂತಂತೆ ತಗ್ಗಾಗಿತ್ತು. ತಣ್ಣನೆಯ, ಒದ್ದೆ ಉಸಿರು ಕಿವಿಗೆ ತಾಗಿತು.

"ಇದು ನಿನ್ನೆಯ ಮೀನು," ಎಂದಿತು ಒಂದು ಹೆಣ್ಣುದನಿ.

ತಟ್ಟೆಯನ್ನು ವಾಪಸು ತಂದೆ. "ಬೇಡ ಸೆನ್ಯೋರ್. ಇದು ನಿನ್ನೆ ಮೀನು."

ಅನ್ಸೆಲ್ಮು ಬಿಳಿಚಿಕೊಂಡರು. "ಕದ್ದು ತಿನ್ನೋನಿಗೆ ತಾಜಾ ಮೀನು ಯಾಕೆ ಅಂತ ನಾನೇ ಇಟ್ಟಿದ್ದು. ಇನ್ಯಾರಿಗೂ ಗೊತ್ತಿಲ್ಲ. ನಿಂಗ್ಯಾರು ಹೇಳಿದ್ರು?"

"ಮೀನಿನ ಕಣ್ಣು ಮಬ್ಬಾಗಿತ್ತು, ನೋಡಿದೆ."

"ಕಳ್ಳನಾಗಿದ್ರೆ ಮೀನನ್ನ ವಾಪಸು ತರ್ತಿರಲಿಲ್ಲ," ಎಂದು ಅವರು ಬೆನ್ನು ತಟ್ಟಿದರು. ಕೆಲಸ ಉಳಿಯಿತು.

ಆ ಮೀನಿನ ಕಣ್ಣನ್ನು ನಾನು ನೋಡಿಯೇ ಇರಲಿಲ್ಲವೆಂದು ಅವರಿಗೆ ಎಂದೂ ಹೇಳಲಿಲ್ಲ.