ಕುಂಡಕ್ಕೆ ಸುರಿದ ನೀರು

ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡ ದರ್ಜಿ ಸತ್ತು ಮಲಗಿದ್ದ. ಮೂಗಿನ ಮೇಲೆ ಮಾಸ್ಕು ಹಾಗೇ ಇತ್ತು. ತಲೆಯ ಪಕ್ಕದ ಯಂತ್ರ ಸುಯ್ಯೆಂದು ಗಾಳಿ ಊದುತ್ತಲೇ ಇತ್ತು. ಉಸಿರು ಕೊಡುವುದಿತ್ತು, ತೆಗೆದುಕೊಳ್ಳುವವನಿರಲಿಲ್ಲ.

ಬೆಳಗ್ಗೆ ಠಾಣೆಗೆ ಓಡಿ ಬಂದವನು ಅವನ ತಮ್ಮ, ಚಿಕ್ಕ ದರ್ಜಿ. ಇನ್ಸ್‌ಪೆಕ್ಟರ್ ಮೇಡಂ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋದವನು ನಾನು. ಆಗ ಜೀಪಿನ ಡ್ರೈವರೆಂದರೆ ಬಾಗಿಲು ಕಾಯುವವನೂ ಅವನೇ, ಟಾರ್ಚು ಹಿಡಿಯುವವನೂ ಅವನೇ. ಹಾಗಾಗಿ ನಾನೂ ಒಳಗಿದ್ದೆ.

"ಇದು ಸುಮ್ಮನೆ ಬಂದ ಸಾವಲ್ಲ ಮೇಡಂ," ಅಂದ ತಮ್ಮ. "ನೋಡಿ, ನೀರಿನ ಡಬ್ಬಿ ಖಾಲಿ. ಅಣ್ಣನ್ನ ನೋಡ್ಕೊಳ್ಳೋಕೆ ಬರೋ ಅಕ್ಕ ನೀರು ಹಾಕೋದನ್ನೇ ಮರೆತಿದ್ದಾಳೆ. ಅಣ್ಣನ ಪ್ರಾಣ ಹೋಯ್ತು."

ದೊಡ್ಡ ದರ್ಜಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ಗಂಟಲು ಮುಚ್ಚಿಕೊಳ್ಳದಂತೆ ಯಂತ್ರ ಮಾಸ್ಕಿನಿಂದ ಗಾಳಿ ಒತ್ತುತ್ತಿತ್ತು. ಅದರ ಪಕ್ಕಕ್ಕೊಂದು ಪಾರದರ್ಶಕ ಡಬ್ಬಿ. ಅದರೊಳಗಿನ ನೀರು ಬೆಚ್ಚಗಾಗಿ ಗಾಳಿಗೆ ತೇವ ಕೊಡುತ್ತಿತ್ತು. ಸಂಜೆ ಗೆರೆಯವರೆಗೆ ನೀರು ತುಂಬುವುದು, ಬೆಳಗ್ಗೆ ಉಳಿದದ್ದನ್ನು ಚೆಲ್ಲಿ ತೊಳೆಯುವುದು ಆರೈಕೆಗೆ ಬರುವ ಹೆಂಗಸಿನ ಕೆಲಸ. ಬೀದಿಗೆಲ್ಲ ಅವಳು ಅಕ್ಕ. ಆ ಬೀದಿಯ ಹಾಸಿಗೆ ಹಿಡಿದವರನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು.

ಆಕೆ ಹೊಸ್ತಿಲಾಚೆ ನಿಂತಿದ್ದಳು. ಚಿಕ್ಕ ದರ್ಜಿ ಒಳಗೆ ಬಿಟ್ಟಿರಲಿಲ್ಲ.

"ಹಾಕಿದ್ದೆ ಮೇಡಂ. ಗೆರೆಗೆ ಸರಿಯಾಗಿ ಹಾಕಿದ್ದೆ. 'ನೀನೇನು ನೀರು ಹಾಕ್ತೀಯೋ, ಬಂಗಾರ ತೂಗ್ತೀಯೋ' ಅಂತ ದೊಡ್ಡಣ್ಣ ನಗಾಡಿದ್ರು."

"ಸುಳ್ಳು," ಅಂದ ತಮ್ಮ.

ಹೊರಗೆ ಆಗಲೇ ಗುಸುಗುಸು ಶುರುವಾಗಿತ್ತು. ಎದುರು ಮನೆಯಾಕೆ, "ಇನ್ನು ನಮ್ಮತ್ತೆ ಹತ್ರ ಬರೋದು ಬೇಡಮ್ಮ," ಅಂದದ್ದು ನನಗೂ ಕೇಳಿಸಿತು, ಅಕ್ಕನಿಗೂ ಕೇಳಿಸಿತು. ಜೈಲಿನ ಮಾತು ಆಮೇಲೆ. ಅವಳ ಅನ್ನ ಅಲ್ಲೇ ಕಿತ್ತುಹೋಗುತ್ತಿತ್ತು.

*

ಮೇಡಂ ಅವಸರದವರಲ್ಲ. ಮೊದಲು ಯಂತ್ರ ಮಾರಿದವನನ್ನು ಕರೆಸಿದರು. ಯಂತ್ರ ಕೆಟ್ಟಿರಬಹುದೇ ಎಂಬುದು ಅವರ ಮೊದಲ ಅನುಮಾನ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಯಂತ್ರ ಗಟ್ಟಿಯಾಗಿದೆ ಮೇಡಂ."

"ನೀರಿಲ್ಲದಿದ್ರೆ?"

"ಗಾಳಿ ಬಂದೇ ಬರುತ್ತೆ. ಮೂಗು ಒಣಗುತ್ತೆ, ಗಂಟಲು ಕೆರೆಯುತ್ತೆ. ಅಷ್ಟೇ. ನೀರು ಹಾಕದೆ ಮಲಗೋರೂ ಇದ್ದಾರೆ."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹಾಗಾದರೆ ನೀರಿಲ್ಲದೆ ಸತ್ತ ಎನ್ನುವ ಮಾತಿಗೆ ಬುಡವೇ ಇಲ್ಲ.

"ಡಬ್ಬಿಯ ನೀರು ರಾತ್ರಿ ಪೂರ್ತಿ ಆರಿಹೋಗುತ್ತಾ?"

"ಈ ಚಳಿಗೆ ಬಿಸಿ ಹೆಚ್ಚಿಟ್ಟಿರ್ತಾರೆ, ಮುಕ್ಕಾಲು ಪಾಲು ಹೋಗುತ್ತೆ. ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತೆ."

ಅಕ್ಕ ಹೊಸ್ತಿಲಿಂದಲೇ ಅಂದಳು: "ಹೌದು. ಆ ಉಳಿದ ನೀರನ್ನ ಕಿಟಕೀಲಿರೋ ಕುಂಡಕ್ಕೆ ಹಾಕ್ತೀನಿ. ಮಣ್ಣು ತೇವ ಆಗೋಕಷ್ಟೇ ಸಾಕಾಗುತ್ತೆ."

ಮೇಡಂ ಕಿಟಕಿಗೆ ಹೋದರು. ಕುಂಡದ ಮಣ್ಣು ಕೆಸರಾಗಿತ್ತು. ಅಡಿಯ ತಟ್ಟೆ ತುಂಬಿ ತುಳುಕಿ, ನೀರು ಕಟ್ಟೆಯ ಮೇಲಿಂದ ಗೋಡೆಗೆ ಇಳಿದಿತ್ತು.

"ಇದಕ್ಕೆ ಇವತ್ತು ನೀರು ಹಾಕಿದ್ದು ಯಾರು?"

"ನಂಗೇನು ಗೊತ್ತು," ಅಂದ ತಮ್ಮ. "ಆ ಗಿಡದ ಗೊಡವೆ ನನಗಿಲ್ಲ."

"ರಾತ್ರಿ ಇಲ್ಲಿದ್ದದ್ದು?"

"ನಾವಿಬ್ಬರೇ."

ಅಂದವನ ಕಣ್ಣು ಕುಂಡದ ಕಡೆ ಹೋಯಿತು.

*

ಮುಂದಿನ ಅಂಗಡಿಗೆ ಬಂದೆವು. ಎರಡು ಹೊಲಿಗೆ ಯಂತ್ರ. ಒಂದು ದೊಡ್ಡ ಮೇಜು. ಮೊಳೆಯಲ್ಲಿ ಒಂದು ಕಪ್ಪು ಕೋಟು. ಅದರ ತೋಳಿನ ಮಡಿಕೆ ಮುಟ್ಟಿದರೆ ಬೆರಳು ಕೊಯ್ಯುವಂತಿತ್ತು.

"ಚೆನ್ನಾಗಿದೆ. ಇಸ್ತ್ರಿ ಯಾವಾಗ ಮಾಡಿದ್ದು?"

"ನಿನ್ನೆ ಸಂಜೆ."

ಗೋಡೆಯ ಪ್ಲಗ್ಗು ಸುಟ್ಟು ಕರಿಕಾಗಿತ್ತು. ಮೇಡಂ ಬಾಗಿಲತ್ತ ತಿರುಗಿದರು.

"ಅಕ್ಕಾ, ನಿನ್ನೆ ನೀನು ಹೊರಟಾಗ ಈ ಕೋಟು ಎಲ್ಲಿತ್ತು?"

ಅಕ್ಕ ತಮ್ಮನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಹಿಂಜರಿದಳು.

"ಮೇಜಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಪ್ಲಗ್ಗು ಸುಟ್ಟುಹೋಯ್ತು ಅಂತ ಚಿಕ್ಕಣ್ಣ ಗೊಣಗ್ತಾ ಇದ್ರು. ಬೆಳಗ್ಗೆ ಕೊಡ್ತೀವಿ ಅಂದಿದೀವಿ, ಮಾತು ತಪ್ಪಬೇಡ ಅಂತ ಒಳಗಿಂದ ದೊಡ್ಡಣ್ಣ ಹೇಳ್ತಿದ್ರು."

"ಈ ಮನೆಯಲ್ಲಿ ಇನ್ನೊಂದು ಪ್ಲಗ್ಗು ಎಲ್ಲಿದೆ?"

ಅಕ್ಕ ಹಿಂದಿನ ಕೋಣೆಯತ್ತ ನೋಡಿದಳು. ಉತ್ತರ ಎಲ್ಲರಿಗೂ ಕಾಣುತ್ತಿತ್ತು. ಮಂಚದ ತಲೆಯ ಕಡೆ ಒಂದೇ ಒಂದು. ಅದರಲ್ಲಿ ಯಂತ್ರದ ವಯರು.

ಮೇಡಂ ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. ದನಿ ಏರಿಸಲಿಲ್ಲ.

"ಡಬ್ಬಿಯಲ್ಲಿ ನೀರಿತ್ತು. ಅರೆಬರೆ ಅಲ್ಲ, ತುಂಬಾನೇ ಇತ್ತು. ಇಲ್ಲದಿದ್ರೆ ಕುಂಡ ತುಂಬಿ ಗೋಡೆಗೆ ಇಳೀತಿರಲಿಲ್ಲ. ನೀರು ಆರಿಲ್ಲ ಅಂದ್ರೆ ಯಂತ್ರ ಓಡಿಲ್ಲ. ಇಸ್ತ್ರಿ ಪೆಟ್ಟಿಗೆಗೋಸ್ಕರ ಅದರ ವಯರು ಕಿತ್ತೆ. ಬೆಳಗ್ಗೆ ನೋಡ್ದೆ, ಅಣ್ಣ ಇಲ್ಲ. ವಯರು ಮತ್ತೆ ಸಿಕ್ಕಿಸಿದೆ. ನೀರು ಮುಗಿದ್ರೆ ಉಸಿರು ನಿಲ್ಲುತ್ತೆ ಅಂದ್ಕೊಂಡು ಡಬ್ಬಿ ಖಾಲಿ ಮಾಡಿದೆ. ದಿನಾ ಅಕ್ಕ ಎಲ್ಲಿ ಸುರಿಯೋದನ್ನ ನೋಡಿದ್ಯೋ, ನಿನ್ನ ಕೈಯೂ ಅಲ್ಲಿಗೇ ಹೋಯ್ತು. ಅಲ್ವೇನಪ್ಪ?"

ಅವನು ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಅಣ್ಣ ಗಾಢ ನಿದ್ದೇಲಿದ್ದ. ಒಂದು ಕೋಟು ತಾನೇ, ಮುಗಿಸಿ ಸಿಕ್ಕಿಸೋಣ ಅಂದ್ಕೊಂಡೆ," ಅಂದ ಕೊನೆಗೆ. "ಇಲ್ಲಿತನಕ ಉದ್ದ ವಯರು ಎಳೆದೆ. ಇಸ್ತ್ರಿ ಮುಗೀತು. ಅಷ್ಟರಲ್ಲಿ ಒಳಗೆ ಗೊರಕೆ ಶುರುವಾಯ್ತು."

"ಆಗಲಾದ್ರೂ ಹೋಗಿ ಸಿಕ್ಕಿಸಬೇಕಿತ್ತು."

"ಯಂತ್ರ ಬಂದಮೇಲೆ ಆ ಗೊರಕೆ ಕೇಳೇ ಇರಲಿಲ್ಲ ಮೇಡಂ. ಅವ್ವ ಹೋದಾಗ ನಾನು ಸಣ್ಣವನು. ಕತ್ತಲಂದ್ರೆ ಭಯ. ಅಣ್ಣ ಗೊರಕೆ ಹೊಡೀತಿದ್ರೆ, ಪಕ್ಕದಲ್ಲಿದ್ದಾನೆ ಅಂತ ಧೈರ್ಯ. ಅದನ್ನ ಕೇಳ್ತಾನೇ ಮಲಗಿ ಬೆಳೆದವನು ನಾನು. ನಿನ್ನೇನೂ ಇಸ್ತ್ರಿ ಪೆಟ್ಟಿಗೆ ಆರಿಸಿ ಮೇಜಿಗೆ ಒರಗಿ ಕೇಳ್ತಾ ಕೂತೆ. ಹಾಗೇ ಕಣ್ಣು ಹತ್ತಿತು."

ನಾನು ಬಾಗಿಲ ಹೊರಗೆ ಬಂದು ನಿಂತೆ. ಮುಖ ಒರೆಸಿಕೊಂಡೆ.

"ಯಂತ್ರ ನಿಂತದ್ದರಿಂದಲೇ ಸತ್ತನೋ, ಸೋತ ಹೃದಯ ತಾನಾಗಿ ನಿಂತಿತೋ, ಯಾರೂ ಹೇಳಲಾರರು," ಎಂದು ಡಾಕ್ಟರು ಆಮೇಲೆ ಅಂದರು. ಆ ಮಾತು ತಮ್ಮನಿಗೆ ಸಮಾಧಾನವಾಗಲಿಲ್ಲ. ಎರಡೂ ಕಡೆಯಿಂದ ಇರಿಯಿತು.

ಮೇಡಂ ಅವನಿಗೆ ಹೇಳಿದ್ದು ಇಷ್ಟೇ: "ವಯರು ಕಿತ್ತು ಮರೆತದ್ದಕ್ಕೆ ಏನು ಅನ್ನೋದನ್ನ ಕೋರ್ಟು ನೋಡ್ಲಿ. ಆದ್ರೆ ಡಬ್ಬಿ ಖಾಲಿ ಮಾಡಿದ್ದು ಮರೆವಲ್ಲಪ್ಪ."

*

ಜೀಪು ಹತ್ತುವ ಮೊದಲು ಅವನು ಅಕ್ಕನ ಮುಂದೆ ನಿಂತ. ಕೈ ಮುಗಿಯಲು ಹೋದ, ಕೈ ಏಳಲಿಲ್ಲ.

ಬೀದಿ ಪೂರ್ತಿ ನೋಡುತ್ತಿತ್ತು. ಎದುರು ಮನೆಯಾಕೆ ಮೆಲ್ಲಗೆ ಒಳಗೆ ಸರಿದಳು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ಚಿಕ್ಕಣ್ಣ," ಅಂದಳು ಅಕ್ಕ. "ನಾನೇ ಹೇಳ್ತಿದ್ದೆ, ನೀರಿಲ್ಲದಿದ್ರೂ ಅದು ಉಸಿರು ಕೊಡುತ್ತೆ ಅಂತ. ಇಷ್ಟು ದಿನ ಒಂದೇ ಮನೇಲಿ ಓಡಾಡಿಕೊಂಡಿದ್ವಿ."

ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಯಂತ್ರ ಇನ್ನೂ ಊದುತ್ತಲೇ ಇತ್ತು. ಅವಳು ಬಗ್ಗಿ ಅದನ್ನು ಆರಿಸಿದಳು.